24 ಗಂಟೆ ಓಡಿದ ಹಳೇ ಕಾರು, 22 ಕಿಲೋಮೀಟರ್ ಮುಗಿಸದ ಹೊಸ ಕಾರು

ನಮ್ಮ ಹಾಸ್ಟೆಲ್‌ನ ಯಾವ ಫ್ಲೋರಿಗೆ ಬೇಕಾದ್ರೂ ಹೋಗಿ, ಮೆಕ್ಯಾನಿಕಲ್‌ನವರ ಲ್ಯಾಪ್‌ಟಾಪ್ ಓಪನ್ ಮಾಡಿಸಿ. ಯಾವುದಾದ್ರೂ ಒಂದರ ವಾಲ್‌ಪೇಪರ್‌ನಲ್ಲಿ ತಿಳಿನೀಲಿ ಬಣ್ಣಕ್ಕೆ ಕಿತ್ತಳೆ ಪಟ್ಟೆ ಬಳಿದ ಪೋರ್ಷೆ 917 ನಿಂತೇ ಇರುತ್ತೆ. ಇನ್ನೊಬ್ಬರ ಇಯರ್‌ಫೋನ್‌ನಲ್ಲಿ ಹಾಡಿನ ಬದಲು ಮಾಜ್ದಾ 787ಬಿ ಎಂಜಿನ್ನಿನ ಕಿರುಚಾಟ ಓಡ್ತಿರುತ್ತೆ. ಕಂಪ್ಯೂಟರ್ ಸೈನ್ಸ್‌ನವರೂ ಕಡಿಮೆ ಏನಿಲ್ಲ, ಫೋರ್ಡ್ ವರ್ಸಸ್ ಫೆರಾರಿ ಸಿನಿಮಾ ಬಂದಮೇಲೆ ಅವರಿಗೂ ಜಿಟಿ40 ಅಂದ್ರೆ ಗೊತ್ತು.

ಇದರಲ್ಲಿ ಒಂದು ವಿಚಿತ್ರ ಇದೆ. ನಾವೆಲ್ಲಾ ಹುಟ್ಟಿದ್ದು 2005ರ ಆಚೆ ಈಚೆ. 917 ಗೆದ್ದಿದ್ದು 1970ರಲ್ಲಿ, ಜಿಟಿ40 ಗೆದ್ದಿದ್ದು 1966ರಲ್ಲಿ. ಆಗ ನಮ್ಮ ಅಜ್ಜಂದಿರು ನಮ್ಮ ವಯಸ್ಸಿನವರು. ಅವರೂ ಈ ಕಾರುಗಳನ್ನ ನೋಡಿದವರಲ್ಲ. ಹಾಗಾಗಿ ಇದನ್ನ ಹಳೇ ನೆನಪಿನ ಮೋಹ ಅನ್ನೋಕೆ ಆಗಲ್ಲ, ನಮಗೆ ಆ ನೆನಪೇ ಇಲ್ಲ. ಅಂಗಡಿಯಲ್ಲಿ ಇವತ್ತಿನ ಕಾರುಗಳು ಇನ್ನೂ ವೇಗ, ಇನ್ನೂ ಸೇಫ್. ಆದ್ರೂ ಹತ್ತೊಂಬತ್ತು ವರ್ಷದ ನಾವು ಐವತ್ತು ವರ್ಷ ಹಳೆಯ ಕಾರುಗಳ ಹಿಂದೆ ಯಾಕೆ ಬಿದ್ದಿದ್ದೀವಿ?

ಸೌಂಡು, ಶೇಪು ಅಂತ ಹೇಳಿ ಸುಮ್ಮನಾಗಬಹುದು. ಅದು ನಿಜವೇ, ಆದ್ರೆ ಅರ್ಧ ನಿಜ. ಸೌಂಡಿಗೇ ಆಗಿದ್ರೆ ಸೈಲೆನ್ಸರ್ ಕಿತ್ತಿಸಿದ ಬೈಕುಗಳು ರಾತ್ರಿ ಏರ್‌ಪೋರ್ಟ್ ರೋಡಿನಲ್ಲಿ ಸಾಕಷ್ಟು ಸಿಗುತ್ತೆ. ನಮ್ಮ ಅಭಿಪ್ರಾಯ ಬೇರೆ. ಈ ಕಾರುಗಳಲ್ಲಿ ಎಂಜಿನಿಯರಿಂಗ್ ಅನ್ನೋದು ಕಣ್ಣಿಗೆ ಕಾಣುತ್ತೆ. ಪ್ರತಿಯೊಂದು ಪಾರ್ಟೂ "ರಾತ್ರಿ ಮೂರು ಗಂಟೆಗೆ ಯಾವುದು ಕೈಕೊಡುತ್ತೆ?" ಅನ್ನೋ ಒಂದೇ ಪ್ರಶ್ನೆಗೆ ಉತ್ತರ ಕೊಡ್ತಾ ಇರುತ್ತೆ. ನಾಲ್ಕು ವರ್ಷದ ಕೋರ್ಸಿನಲ್ಲಿ ಈ ಪ್ರಶ್ನೆಯನ್ನ ನಮಗೆ ಯಾರೂ ಕೇಳ್ತಿಲ್ಲ ಅನ್ನೋದೇ ಈ ಲೇಖನ ಬರೆಯೋಕೆ ಕಾರಣ.

ವೇಗ ಅಲ್ಲ, ದೂರ

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾನ್ಸಿನ ಲೆ ಮಾನ್ಸ್ ಅನ್ನೋ ಊರಿನಲ್ಲಿ 1923ರಿಂದ 24 ಗಂಟೆಯ ರೇಸ್ ನಡೀತಿದೆ. ಒಂದು ಸುತ್ತು ಸುಮಾರು 13.6 ಕಿಲೋಮೀಟರ್, ಅದರಲ್ಲಿ ದೊಡ್ಡ ಭಾಗ ಬೇರೆ ದಿನಗಳಲ್ಲಿ ಊರವರು ಓಡಾಡೋ ಸಾಧಾರಣ ರಸ್ತೆ. ಶನಿವಾರ ಮಧ್ಯಾಹ್ನ ಶುರುವಾದ್ರೆ ಭಾನುವಾರ ಮಧ್ಯಾಹ್ನದ ತನಕ ಓಡ್ತಾನೇ ಇರಬೇಕು. ಡ್ರೈವರ್‌ಗಳು ಬದಲಾಗ್ತಾರೆ, ಕಾರು ಬದಲಾಗಲ್ಲ. ಆ ಹೊತ್ತಿನಲ್ಲಿ ಯಾರು ಹೆಚ್ಚು ದೂರ ಹೋಗಿರ್ತಾರೋ ಅವರೇ ಗೆದ್ದ ಹಾಗೆ.

ಈ ನಿಯಮದಲ್ಲೇ ಎಲ್ಲಾ ಇದೆ. ಒಂದು ಸುತ್ತಿನಲ್ಲಿ ಐದು ಸೆಕೆಂಡ್ ಮುಂದೆ ಇದ್ದು, ಬೆಳಗಿನ ಜಾವ ಗೇರ್‌ಬಾಕ್ಸ್ ಸರಿಮಾಡೋಕೆ ಒಂದೂವರೆ ಗಂಟೆ ಪಿಟ್‌ನಲ್ಲಿ ನಿಂತರೆ ಗಳಿಸಿದ್ದೆಲ್ಲಾ ಹೋಯ್ತು. ಅದಕ್ಕೇ ಇಲ್ಲಿ ಡಿಸೈನರ್‌ಗೆ ಸ್ಪೀಡ್ ಒಂದೇ ಲೆಕ್ಕ ಅಲ್ಲ. ಬಿಸಿ, ಸವೆತ, ಬಿರುಕು, ಮಳೆ, ಡ್ರೈವರ್‌ನ ಸುಸ್ತು, ಕತ್ತಲೆಯಲ್ಲಿ ನಟ್ಟು ಬಿಚ್ಚೋ ಮೆಕ್ಯಾನಿಕ್‌ನ ಕೈ, ಎಲ್ಲಾ ಲೆಕ್ಕಕ್ಕೆ ಬರುತ್ತೆ.

ಕಣ್ಣಿಗೆ ಕಾಣೋ ಎಂಜಿನಿಯರಿಂಗ್

ಬ್ರೇಕಿನಿಂದ ಶುರು ಮಾಡೋಣ. 1953ರಲ್ಲಿ ಜಾಗ್ವಾರ್ ಕಂಪನಿ ಸಿ-ಟೈಪ್ ಕಾರಿಗೆ ಡನ್‌ಲಪ್‌ನ ಡಿಸ್ಕ್ ಬ್ರೇಕ್ ಹಾಕಿಕೊಂಡು ಲೆ ಮಾನ್ಸ್‌ಗೆ ಬಂತು. ಎದುರಾಳಿಗಳದ್ದು ಡ್ರಮ್ ಬ್ರೇಕ್. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಆ ಕಾರು ಗೆದ್ದಿತು. ಲೆ ಮಾನ್ಸ್‌ನಲ್ಲಿ ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು.

ಬ್ರೇಕಿನಿಂದ ಸ್ಪೀಡ್ ಹೇಗೆ ಹೆಚ್ಚಾಯ್ತು? ಫಸ್ಟ್ ಸೆಮ್ ಫಿಸಿಕ್ಸ್ ಸಾಕು. 1000 ಕೆಜಿಯ ಕಾರು 240 ಕಿಮೀ ವೇಗದಿಂದ 60ಕ್ಕೆ ಇಳಿಯಬೇಕು ಅಂದ್ಕೊಳ್ಳಿ. ಅರ್ಧ ಎಂ ವಿ ಸ್ಕ್ವೇರ್ ಹಾಕಿ ಕಳೆದರೆ ಸುಮಾರು 20 ಲಕ್ಷ ಜೌಲ್. ಆರು ಲೀಟರಿಗೂ ಹೆಚ್ಚು ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರೋವಷ್ಟು ಬಿಸಿ, ಒಂದೇ ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ! ಡ್ರಮ್‌ನಲ್ಲಿ ಈ ಬಿಸಿ ಡಬ್ಬಿಯೊಳಗೆ ಕೂಡಿ ಹಾಕಿದ ಹಾಗೆ ಕೂತುಬಿಡುತ್ತೆ. ಡ್ರಮ್ ಹಿಗ್ಗಿ ಶೂನಿಂದ ದೂರ ಹೋಗುತ್ತೆ, ಲೈನಿಂಗ್‌ನ ಹಿಡಿತ ಸಡಿಲ ಆಗುತ್ತೆ. ಡ್ರೈವರ್ ಭಯದಿಂದ ಪ್ರತಿ ಸುತ್ತೂ ಸ್ವಲ್ಪ ಮೊದಲೇ ಬ್ರೇಕ್ ಹಿಡೀತಾನೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತೆ, ಬಿಸಿ ಬೇಗ ಬಿಟ್ಟುಕೊಡುತ್ತೆ. ರಾತ್ರಿ ಹನ್ನೆರಡಕ್ಕೂ ಮಧ್ಯಾಹ್ನ ನಾಲ್ಕಕ್ಕೆ ಹಿಡಿದ ಜಾಗದಲ್ಲೇ ಬ್ರೇಕ್ ಹಿಡೀಬಹುದು. ನಂದಿ ಬೆಟ್ಟದಿಂದ ಬೆಳಿಗ್ಗೆ ಬೈಕಿನಲ್ಲಿ ಇಳಿಯೋವಾಗ ಹಿಂದಿನ ಡ್ರಮ್ ಬ್ರೇಕ್ ಮೆತ್ತಗಾಗಿ ಎದೆ ಝಲ್ ಅಂದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮುಂದೆ 1966. ಫೋರ್ಡ್ ಜಿಟಿ40 ಮಾರ್ಕ್ 2 ಮೊದಲ ಮೂರೂ ಸ್ಥಾನ ಬಾಚಿಕೊಂಡ ವರ್ಷ. ಸಿನಿಮಾದಲ್ಲಿ ಡ್ರೈವರ್‌ಗಳ ಜಗಳ ಚೆನ್ನಾಗಿದೆ, ಆದ್ರೆ ನಮಗೆ ಇಷ್ಟ ಆಗಿದ್ದು ಬೇರೆ ಎರಡು ವಿಷಯ. 7 ಲೀಟರ್ ಎಂಜಿನ್ನಿನ ಆ ಭಾರದ ಕಾರಿಗೆ ಮುಂದಿನ ಬ್ರೇಕ್ ಡಿಸ್ಕ್‌ಗಳು 24 ಗಂಟೆ ಬಾಳ್ತಿರಲಿಲ್ಲ. ಬಾಳಿಸೋಕೆ ಆಗಲ್ಲ ಅಂತ ಗೊತ್ತಾದಮೇಲೆ ಅವರು ಪ್ರಶ್ನೆಯನ್ನೇ ಬದಲಾಯಿಸಿದರು: ಬೇಗ ಬದಲಾಯಿಸೋ ಹಾಗೆ ಮಾಡಿದ್ರೆ? ಫಿಲ್ ರೆಮಿಂಗ್ಟನ್ ಅನ್ನೋ ಫ್ಯಾಬ್ರಿಕೇಟರ್, ಪಿಟ್‌ನಲ್ಲಿ ಪ್ಯಾಡ್ ಜೊತೆ ಡಿಸ್ಕನ್ನೂ ಥಟ್ಟನೆ ತೆಗೆದು ಹೊಸದು ಕೂರಿಸೋ ವ್ಯವಸ್ಥೆ ಮಾಡಿದ. ಒಂದು ಪಾರ್ಟ್ ಕೆಡುತ್ತೆ ಅಂತ ಒಪ್ಪಿಕೊಂಡು ಅದಕ್ಕೆ ಜಾಗ ಮಾಡಿಕೊಡೋದೂ ಡಿಸೈನೇ.

ಎರಡನೇದು, ಫೋರ್ಡ್‌ನವರು ಎಂಜಿನ್ನು ಗೇರ್‌ಬಾಕ್ಸು ಎರಡನ್ನೂ ಡೈನಮೋಮೀಟರ್ ಮೇಲೆ ಕೂರಿಸಿ, ಲೆ ಮಾನ್ಸ್ ಸುತ್ತನ್ನೇ ಅಲ್ಲಿ ನಕಲು ಮಾಡಿ ಓಡಿಸಿದರು. ಎಲ್ಲಿ ಗೇರ್ ಇಳಿಸ್ತಾರೆ, ಎಲ್ಲಿ ಪೂರ್ತಿ ಆಕ್ಸಲರೇಟರ್ ಒತ್ತುತ್ತಾರೆ, ಎಲ್ಲಾ ಅದೇ ಲೆಕ್ಕದಲ್ಲಿ, ಗಂಟೆಗಟ್ಟಲೆ. ಒಡೆಯೋದೆಲ್ಲಾ ಲ್ಯಾಬಿನಲ್ಲೇ ಒಡೆದು ಹೋಗಲಿ ಅಂತ. ರೇಸ್ ಗೆದ್ದಿದ್ದು ಜೂನ್‌ನಲ್ಲಿ, ಆದ್ರೆ ಗೆಲುವು ತಯಾರಾಗಿದ್ದು ಅಮೆರಿಕದ ಒಂದು ಮುಚ್ಚಿದ ಕೋಣೆಯಲ್ಲಿ.

ಇನ್ನು 917. ಏರ್ ಕೂಲ್ಡ್, 12 ಸಿಲಿಂಡರ್. ಇದರ ಚಾಸಿಸ್ ಅಲ್ಯುಮಿನಿಯಂ ಪೈಪುಗಳನ್ನ ವೆಲ್ಡ್ ಮಾಡಿದ ಫ್ರೇಮು, ತೂಕ 50 ಕೆಜಿಗಿಂತ ಕಡಿಮೆ. ಅಷ್ಟು ಹಗುರದ ಪೈಪು ಬಿರುಕು ಬಿಡೋದು ಸಹಜ. ಬಿರುಕು ಕಣ್ಣಿಗೆ ಕಾಣಲ್ಲ, ಕಾಣೋ ಹೊತ್ತಿಗೆ ತಡ ಆಗಿರುತ್ತೆ. ಪೋರ್ಷೆಯವರು ಪೈಪುಗಳ ಒಳಗೆ ಒತ್ತಡದಲ್ಲಿ ಗ್ಯಾಸ್ ತುಂಬಿ ಒಂದು ಗೇಜ್ ಇಟ್ಟರು. ಮುಳ್ಳು ಕೆಳಗಿಳಿದರೆ ಎಲ್ಲೋ ಬಿರುಕು ಬಿಟ್ಟಿದೆ ಅಂತ ಅರ್ಥ. ಸೆನ್ಸರ್ ಇಲ್ಲ, ಕೋಡ್ ಇಲ್ಲ, ಸೈಕಲ್ ಟ್ಯೂಬಿನಲ್ಲಿ ಪಂಕ್ಚರ್ ಹುಡುಕೋ ಬುದ್ಧಿ ಅಷ್ಟೇ. ಗೇರ್ ಲಿವರ್‌ನ ಹಿಡಿ ಕೂಡ ಬಾಲ್ಸಾ ಮರದ್ದು, ಅಲ್ಲೂ ಕೆಲವು ಗ್ರಾಂ ಉಳೀಲಿ ಅಂತ.

ಆದ್ರೆ 1969ರಲ್ಲಿ ಇದೇ ಕಾರನ್ನ ಓಡಿಸೋಕೆ ಡ್ರೈವರ್‌ಗಳು ಹೆದರ್ತಿದ್ರು. ಸ್ಪೀಡ್ ಏರಿದ ಹಾಗೆ ಹಿಂಭಾಗ ರಸ್ತೆ ಬಿಟ್ಟು ತೇಲೋ ಹಾಗೆ ಅಲ್ಲಾಡ್ತಿತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ ಟೆಸ್ಟ್ ನಡೆಸ್ತಾ ಇದ್ದಾಗ ಜಾನ್ ಹಾರ್ಸ್‌ಮನ್ ಅನ್ನೋ ಎಂಜಿನಿಯರ್ ಒಂದು ವಿಷಯ ಗಮನಿಸಿದರು. ಕಾರಿನ ಮೈ ತುಂಬಾ ಸಣ್ಣ ಹುಳಗಳು ಬಡಿದು ಸತ್ತಿದ್ದವು, ಆದ್ರೆ ಹಿಂದಿನ ಸ್ಪಾಯ್ಲರ್ ಮಾತ್ರ ಕ್ಲೀನ್. ಹುಳ ಇಲ್ಲ ಅಂದ್ರೆ ಅಲ್ಲಿಗೆ ಗಾಳಿಯೇ ತಲುಪ್ತಿಲ್ಲ. ಗಾಳಿ ತಲುಪದಿದ್ರೆ ಸ್ಪಾಯ್ಲರ್ ಇದ್ದೂ ಇಲ್ಲದ ಹಾಗೆ. ಅಲ್ಲೇ ಅಲ್ಯುಮಿನಿಯಂ ಶೀಟು ಕತ್ತರಿಸಿ, ಟೇಪ್ ಹಚ್ಚಿ, ಬಾಲ ಮೊಟಕಾಗಿ ಮೇಲಕ್ಕೆದ್ದ ಹಾಗೆ ಮಾಡಿದರು. ಕಾರು ಹಿಡಿತಕ್ಕೆ ಬಂತು. ಮುಂದಿನ ವರ್ಷ ಸುರಿಯೋ ಮಳೆಯಲ್ಲಿ ಹರ್ಮನ್ ಮತ್ತು ಆಟ್‌ವುಡ್ ಪೋರ್ಷೆಗೆ ಮೊದಲ ಲೆ ಮಾನ್ಸ್ ಗೆಲುವು ತಂದುಕೊಟ್ಟಿದ್ದು ಆ ಗಿಡ್ಡ ಬಾಲದ 917ರಲ್ಲೇ. 1971ರಲ್ಲಿ ಇನ್ನೊಂದು 917 ಒಟ್ಟು 5335 ಕಿಲೋಮೀಟರ್ ಓಡಿತು. ಆ ದೂರದ ದಾಖಲೆ 2010ರ ತನಕ ಮುರಿಯಲಿಲ್ಲ.

ಸತ್ತ ಹುಳ ನೋಡಿ ಏರೋಡೈನಮಿಕ್ಸ್ ಸರಿ ಮಾಡೋದು! ನಾವು ಸಿಎಫ್‌ಡಿ ಸಾಫ್ಟ್‌ವೇರ್‌ನಲ್ಲಿ ಬಣ್ಣ ಬಣ್ಣದ ಚಿತ್ರ ತೆಗೆದು ಪಿಪಿಟಿಗೆ ಅಂಟಿಸ್ತೀವಿ. ಆ ಚಿತ್ರ ತಪ್ಪು ಅಂತಲ್ಲ. ಆದ್ರೆ ಕೆಂಪು ಯಾಕೆ ಅಲ್ಲಿದೆ, ನೀಲಿ ಯಾಕೆ ಇಲ್ಲಿದೆ ಅಂತ ವೈವಾದಲ್ಲಿ ಕೇಳಿದ್ರೆ ಎಷ್ಟು ಜನ ಬಾಯಿ ಬಿಡ್ತೀವಿ?

ಕೊನೇದಾಗಿ 1991ರ ಮಾಜ್ದಾ 787ಬಿ. ಪಿಸ್ಟನ್ ಬದಲು ತ್ರಿಕೋನದ ಹಾಗಿರೋ ರೋಟರ್ ತಿರುಗೋ ಎಂಜಿನ್. ಇಂಥ ಎಂಜಿನ್ನಿನ ಕಾರು ಲೆ ಮಾನ್ಸ್ ಗೆದ್ದಿದ್ದು ಅದೊಂದೇ ಸಲ, ಜಪಾನಿನ ಕಂಪನಿಯೊಂದು ಗೆದ್ದಿದ್ದೂ ಅದೇ ಮೊದಲು. ಆವತ್ತು ಇಡೀ ರೇಸಿಗೆ ಇಷ್ಟೇ ಪೆಟ್ರೋಲ್ ಅನ್ನೋ ಮಿತಿ ಇತ್ತು. ದೊಡ್ಡ ಎದುರಾಳಿಗಳ ಕಾರು 1000 ಕೆಜಿ, ಮಾಜ್ದಾ 830. ಹಗುರ ಇದ್ದಿದ್ರಿಂದ ಇಂಧನ ಉಳಿಸ್ತಾ, ಬ್ರೇಕು ಟೈರು ಉಳಿಸ್ತಾ ಹಿಂದೆ ಹಿಂದೆ ಬಂದು, ಮುಂದಿದ್ದ ಮರ್ಸಿಡಿಸ್ ಬಿಸಿಯಾಗಿ ನಿಂತಾಗ ದಾಟಿಕೊಂಡು ಹೋಯ್ತು. ರೇಸ್ ಮುಗಿದ ಮೇಲೆ ಎಂಜಿನ್ ಬಿಚ್ಚಿ ನೋಡಿದ್ರೆ ಇನ್ನೊಂದು ರೇಸ್ ಓಡಿಸಬಹುದು ಅನ್ನೋ ಸ್ಥಿತಿಯಲ್ಲೇ ಇತ್ತು. ನಾವು ಇಯರ್‌ಫೋನ್‌ನಲ್ಲಿ ಕೇಳೋ ಕಿರುಚಾಟದ ಹಿಂದೆ ಇಷ್ಟು ತಾಳ್ಮೆ ಇದೆ.

ಇವತ್ತಿನ ಲೆ ಮಾನ್ಸ್ ಕಾರುಗಳಲ್ಲಿ ಬುದ್ಧಿ ಕಡಿಮೆ ಅಂತ ನಾವು ಹೇಳ್ತಿಲ್ಲ, ಹೆಚ್ಚೇ ಇದೆ. ಆದ್ರೆ ಅದು ಇಸಿಯು ಒಳಗೆ, ಹೈಬ್ರಿಡ್ ಸಿಸ್ಟಮ್‌ನ ಸಾಫ್ಟ್‌ವೇರ್ ಒಳಗೆ, ಕಂಪನಿಯ ಸರ್ವರ್ ಒಳಗೆ ಬೀಗ ಹಾಕಿಕೊಂಡು ಕೂತಿದೆ. ಸೆಕೆಂಡ್ ಇಯರ್ ಹುಡುಗ ಹುಡುಗಿಗೆ ಅದರ ಬಾಗಿಲು ಸಿಗಲ್ಲ. ಹಳೇ ಕಾರು ಬಾಗಿಲು ತೆಗೆದಿಟ್ಟ ಮನೆ ಇದ್ದ ಹಾಗೆ. ಈ ತೂತು ಯಾಕೆ? ಬ್ರೇಕಿಗೆ ಗಾಳಿ. ಈ ಫ್ಯಾನ್ ಯಾಕೆ? ಸಿಲಿಂಡರ್ ತಣ್ಣಗಿರೋಕೆ. ಕಾರಣ ಮತ್ತು ಪರಿಣಾಮ ಅಕ್ಕಪಕ್ಕ ಕೂತಿರುತ್ತೆ. ನಮ್ಮಂಥ ಕಲಿಯೋರಿಗೆ ಇದೇ ದೊಡ್ಡ ಆಕರ್ಷಣೆ.

ಯಲಹಂಕಕ್ಕೂ ಲೆ ಮಾನ್ಸ್‌ಗೂ ಏನು ಸಂಬಂಧ?

"ಇದೆಲ್ಲಾ ಫ್ರಾನ್ಸಿನ ಶ್ರೀಮಂತರ ಕಥೆ, ನಮಗೇನು? ನಮಗೆ ಹೆಬ್ಬಾಳ ಫ್ಲೈಓವರ್ ದಾಟೋದೇ ಎಂಡ್ಯೂರೆನ್ಸ್ ರೇಸು" ಅಂತ ಫ್ರೆಂಡ್ಸ್ ಕಾಲೆಳೀತಾರೆ. ಸರಿ, ನಮ್ಮೂರಿಗೇ ಬರೋಣ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಲೆ ಮಾನ್ಸ್‌ನಲ್ಲೇ ಕಾರು ಓಡಿಸಿದ್ದಾರೆ, ಅದು ಒಂದು ಹೆಮ್ಮೆ. ಆದ್ರೆ ನಮಗೆ ಇನ್ನೂ ಹತ್ತಿರದ ಕಥೆ ಚೇತನ್ ಮೈನಿಯವರದ್ದು, ಯಾಕಂದ್ರೆ ಅದು ಒಬ್ಬ ಸ್ಟೂಡೆಂಟ್‌ನ ಕಥೆ.

ಬೆಂಗಳೂರಿನ ಈ ಹುಡುಗ ಅಮೆರಿಕದ ಮಿಶಿಗನ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಓದ್ತಿದ್ದಾಗ ಅಲ್ಲಿನ ಸ್ಟೂಡೆಂಟ್ ಟೀಮ್ ಸೇರಿಕೊಂಡರು. ಟೀಮ್ ಕಟ್ಟಿದ್ದು ಸನ್‌ರನ್ನರ್ ಅನ್ನೋ ಸೋಲಾರ್ ಕಾರು. 1990ರಲ್ಲಿ ಫ್ಲೋರಿಡಾದಿಂದ ಮಿಶಿಗನ್ ತನಕ ದಿನಗಟ್ಟಲೆ ನಡೆದ ಯೂನಿವರ್ಸಿಟಿಗಳ ಸನ್‌ರೇಸ್‌ನಲ್ಲಿ ಅದು ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ಗೆ, ಸುಮಾರು 3000 ಕಿಲೋಮೀಟರ್ ಮರುಭೂಮಿ ರಸ್ತೆಯ ವರ್ಲ್ಡ್ ಸೋಲಾರ್ ಚಾಲೆಂಜ್‌ನಲ್ಲಿ ಮೂರನೇ ಸ್ಥಾನ ಪಡೀತು. ಬಿಸಿಲು ಎಷ್ಟಿದೆಯೋ ಅಷ್ಟೇ ಶಕ್ತಿ. ಆಕ್ಸಲರೇಟರ್ ಜಾಸ್ತಿ ಒತ್ತಿದ್ರೆ ಬ್ಯಾಟರಿ ಖಾಲಿ, ಮೋಡ ಬಂದ್ರೆ ಲೆಕ್ಕ ತಲೆಕೆಳಗು. ಪೆಟ್ರೋಲ್ ವಾಸನೆ ಇಲ್ಲದಿದ್ದರೂ ಇದು ಪಕ್ಕಾ ಎಂಡ್ಯೂರೆನ್ಸ್ ರೇಸ್, ಮಾಜ್ದಾ ಗೆದ್ದ ಲೆಕ್ಕಾಚಾರವೇ.

ಆಮೇಲೆ ಏನಾಯ್ತು ಅನ್ನೋದು ಬೆಂಗಳೂರಿಗೆ ಗೊತ್ತು. 2001ರಲ್ಲಿ ರೇವಾ ರಸ್ತೆಗಿಳೀತು. ನಮ್ಮ ಅಪ್ಪ ಅಮ್ಮಂದಿರು "ಆಟದ ಸಾಮಾನಿನ ಹಾಗಿದೆ" ಅಂತ ನಕ್ಕ ಅದೇ ಪುಟ್ಟ ಕಾರು. ಲಂಡನ್ನಿನಲ್ಲಿ ಅದು ಜಿ-ವಿಜ್ ಅನ್ನೋ ಹೆಸರಿನಲ್ಲಿ ಓಡಾಡ್ತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಯ್ತು. ಇವತ್ತು ಹೆಬ್ಬಾಳದ ಸಿಗ್ನಲ್ಲಿನಲ್ಲಿ ಹಸಿರು ನಂಬರ್ ಪ್ಲೇಟು ಎಷ್ಟಿದೆ ಅಂತ ಎಣಿಸಿ ನೋಡಿ, ಆ ನಗು ಯಾರ ಮೇಲೆ ಅಂತ ಗೊತ್ತಾಗುತ್ತೆ. ಒಂದು ಕಾಲೇಜ್ ಟೀಮ್‌ನ ಕಾರು, ಮುಗಿಸಲೇಬೇಕು ಅಂತ ಕಟ್ಟಿದ ಕಾರು, ಒಬ್ಬ ಸ್ಟೂಡೆಂಟ್‌ಗೆ ಯಾವ ದಾರಿ ತೋರಿಸಬಹುದು ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ?

ಇನ್ನೊಂದು ಉದಾಹರಣೆಗೆ ನಾಲ್ಕು ಚಕ್ರ ಇಲ್ಲ, ಎರಡೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಜಾವಾ ಮೂಲದಲ್ಲಿ ಜೆಕೋಸ್ಲೊವಾಕಿಯಾದ್ದು. ಅಲ್ಲಿ ಅದು ಹೆಸರು ಮಾಡಿದ್ದು ಆರು ದಿನ ಬೆಟ್ಟ ಕಾಡು ಕೆಸರಿನಲ್ಲಿ ಓಡೋ ಸಿಕ್ಸ್ ಡೇಸ್ ಟ್ರಯಲ್‌ನಲ್ಲಿ. ದಾರಿಯಲ್ಲಿ ಬೈಕ್ ಕೆಟ್ಟರೆ ಓಡಿಸೋನೇ ರಿಪೇರಿ ಮಾಡಿಕೊಳ್ಳಬೇಕು, ಬೇರೆಯವರು ಕೈ ಹಾಕೋ ಹಾಗಿಲ್ಲ. ಆ ಗುಣ ಮೈಸೂರಿನ ಜಾವಾ, ಯೆಜ್ಡಿಗಳಿಗೂ ಬಂದಿದೆ ಅಂತ ನಮಗನ್ನಿಸುತ್ತೆ. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಸರಳು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕೆಡೋಕೆ ಇರೋ ಪಾರ್ಟುಗಳೇ ಕಡಿಮೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಬೆಂಗಳೂರಿನಲ್ಲಿ ಗಾಡಿಗಳು ಸೇರುತ್ತವಲ್ಲ, ಅಲ್ಲಿ ಹೋಗಿ ನೋಡಿ. ಕಾರ್ಖಾನೆ ಮುಚ್ಚಿ ಮೂರು ದಶಕ ಆಗ್ತಾ ಬಂತು, ಗಾಡಿಗಳು ಇನ್ನೂ ಓಡ್ತಿವೆ. ಓಡಿಸ್ತಿರೋರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ.

ಮೂರನೇದಕ್ಕೆ ಕ್ಯಾಂಪಸ್ ಬಿಟ್ಟು ಹೋಗೋದೂ ಬೇಡ. ವರ್ಕ್‌ಶಾಪಿನಲ್ಲಿ ನಾವು ಫೇಸಿಂಗ್, ಟರ್ನಿಂಗ್ ಕಲಿತ ಲೇತ್ ಮೇಲೆ ಎಚ್‌ಎಂಟಿ ಅಂತ ಬರೆದಿದೆ. 1953ರಲ್ಲಿ ಶುರುವಾದ ಎಚ್‌ಎಂಟಿ ಇರೋದು ಜಾಲಹಳ್ಳಿಯಲ್ಲಿ, ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರೋವಷ್ಟು ಹತ್ತಿರ. ನಮಗಿಂತ ವಯಸ್ಸಾದ ಆ ಲೇತ್ ಎಷ್ಟು ಬ್ಯಾಚುಗಳ ಎಷ್ಟು ಟೂಲ್ ಮುರಿದ ಹೊಡೆತ ತಿಂದಿದೆಯೋ. ಸ್ವಿಚ್ ಹಾಕಿದ್ರೆ ಇವತ್ತೂ ತಿರುಗುತ್ತೆ. ಲೆ ಮಾನ್ಸ್‌ಗೆ ಹೋಗದ ಎಂಡ್ಯೂರೆನ್ಸ್ ಚಾಂಪಿಯನ್ ಅದು!

ಎದುರು ಮಾತು

ಹಳೇದನ್ನೆಲ್ಲಾ ಬಂಗಾರ ಅನ್ನೋದೂ ತಪ್ಪು. ವಾಲ್‌ಪೇಪರ್‌ನಲ್ಲಿ ಕಾಣದ ಒಂದು ಮುಖ ಈ ರೇಸಿಗೆ ಇದೆ. 1955ರ ಲೆ ಮಾನ್ಸ್‌ನಲ್ಲಿ ಪಿಯರ್ ಲೆವೆ ಓಡಿಸ್ತಿದ್ದ ಮರ್ಸಿಡಿಸ್ ಇನ್ನೊಂದು ಕಾರಿಗೆ ಬಡಿದು ಹಾರಿ, ಛಿದ್ರವಾಗಿ ಜನರ ಮೇಲೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು, ಲೆವೆ ಕೂಡ. ಹಗುರ ಆಗಲಿ ಅಂತ ಬಳಸಿದ್ದ ಮೆಗ್ನೀಸಿಯಂ ಮಿಶ್ರಲೋಹದ ಬಾಡಿ ಧಗಧಗ ಉರೀತು. ಅಷ್ಟಾದ್ರೂ ರೇಸ್ ನಿಲ್ಲಿಸಲಿಲ್ಲ.

1969ರಲ್ಲಿ ಇನ್ನೊಂದು. ಆಗೆಲ್ಲಾ ಡ್ರೈವರ್‌ಗಳು ರಸ್ತೆ ಆಚೆಯಿಂದ ಓಡಿ ಬಂದು, ಕಾರು ಹತ್ತಿ ಸ್ಟಾರ್ಟ್ ಮಾಡಬೇಕಿತ್ತು. ನೋಡೋಕೆ ಮಜಾ, ಆದ್ರೆ ಆತುರದಲ್ಲಿ ಬೆಲ್ಟ್ ಹಾಕ್ಕೊಳ್ತಿರಲಿಲ್ಲ. ಇದನ್ನ ವಿರೋಧಿಸಿ ಜಾಕಿ ಇಕ್ಸ್ ಅನ್ನೋ 24 ವರ್ಷದ ಹುಡುಗ ಓಡದೆ ನಿಧಾನ ನಡ್ಕೊಂಡು ಹೋಗಿ, ಬೆಲ್ಟ್ ಬಿಗಿದುಕೊಂಡು ಎಲ್ಲರಿಗಿಂತ ಕೊನೆಗೆ ಹೊರಟ. ಅದೇ ಮೊದಲ ಸುತ್ತಿನಲ್ಲಿ ಜಾನ್ ವುಲ್ಫ್ ಅನ್ನೋ ಡ್ರೈವರ್ 917ರಿಂದ ಹೊರಗೆ ಎಸೆದು ಹೋಗಿ ಸತ್ತ. ಮಾರನೇ ದಿನ ಇಕ್ಸ್ ಗೆದ್ದ, ಕೇವಲ ನೂರಿಪ್ಪತ್ತು ಮೀಟರ್ ಅಂತರದಲ್ಲಿ. ಅವನ ಜಿಟಿ40 ಹಿಂದಿನ ವರ್ಷ ಗೆದ್ದಿದ್ದ ಅದೇ ಕಾರು. ಆ ಓಟದ ಸ್ಟಾರ್ಟ್ ಅಲ್ಲಿಗೆ ಮುಗೀತು, 1970ರಲ್ಲಿ ಡ್ರೈವರ್‌ಗಳು ಬೆಲ್ಟ್ ಹಾಕಿ ಕೂತೇ ಹೊರಟರು.

ಹಾಗಾಗಿ ಆ ಕಾಲ ವಾಪಸ್ ಬರಲಿ ಅಂತ ನಾವು ಕೇಳ್ತಿಲ್ಲ. ಪೆಟ್ರೋಲ್ ಸುಡೋ ದೊಡ್ಡ ಎಂಜಿನ್ನೂ ಬೇಡ. ಆ ಕಾರುಗಳ ಇವತ್ತಿನ ಹರಾಜು ಬೆಲೆ ಕೇಳಿದ್ರೆ ನಮ್ಮ ನಾಲ್ಕು ವರ್ಷದ ಫೀಸು ಚಿಲ್ಲರೆ ಅನ್ನಿಸುತ್ತೆ, ಅದೂ ಬೇಡ. ನಮಗೆ ಬೇಕಾಗಿರೋದು ಅವುಗಳ ಹಿಂದಿನ ಪ್ರಶ್ನೆ: ಇದು ಎಲ್ಲಿ ಕೈಕೊಡುತ್ತೆ, ಕೊಟ್ಟರೆ ಯಾರಿಗೆ ಏನಾಗುತ್ತೆ? ಇಕ್ಸ್ ನಡೆದ ಹತ್ತಾರು ಹೆಜ್ಜೆ ಕೂಡ ಇದೇ ಪ್ರಶ್ನೆಗೆ ಉತ್ತರ.

75 ಮೀಟರಿನ ಹುಚ್ಚು

ಈಗ ನಮ್ಮ ಕ್ಯಾಂಪಸ್ಸಿನ ವಿಷಯ. ಯಲಹಂಕ ಸುತ್ತಮುತ್ತ ಇರೋ ಅರ್ಧ ಡಜನ್ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾವುದಕ್ಕೆ ಹೋದ್ರೂ ಒಂದು ಫಾರ್ಮುಲಾ ಟೀಮೋ, ಬಾಹಾ ಟೀಮೋ ಸಿಗುತ್ತೆ. ಅಮೆರಿಕದ ಫಾರ್ಮುಲಾ ಎಸ್‌ಎಇ ನಿಯಮದಲ್ಲಿ ಒಟ್ಟು 1000 ಅಂಕ. ಅದರಲ್ಲಿ 75 ಮೀಟರ್ ನೇರ ಓಡೋ ಆಕ್ಸಲರೇಷನ್‌ಗೆ 100. ಮಧ್ಯದಲ್ಲಿ ಡ್ರೈವರ್ ಬದಲಾಯಿಸಿ ಸುಮಾರು 22 ಕಿಲೋಮೀಟರ್ ಓಡೋ ಎಂಡ್ಯೂರೆನ್ಸ್‌ಗೆ 275, ಅದರ ಜೊತೆಗೇ ಲೆಕ್ಕ ಹಾಕೋ ಎಫಿಶಿಯನ್ಸಿಗೆ ಇನ್ನೂ 100. ಬಾಹಾದಲ್ಲಂತೂ ನಾಲ್ಕು ಗಂಟೆ ಎಂಡ್ಯೂರೆನ್ಸ್‌ಗೇ 400 ಅಂಕ. ನಿಯಮ ಬರೆದವರು ಲೆ ಮಾನ್ಸ್ ನೋಡಿಕೊಂಡೇ ಬೆಳೆದವರಿರಬೇಕು. ಮುಗಿಸೋ ಕಾರಿಗೆ ಅಂಕ ಇದೆ.

ನಮ್ಮ ಮರ್ಯಾದೆ ಮಾತ್ರ ಬೇರೆ ಕಡೆ ಇದೆ. ಕ್ಯಾಂಪಸ್ಸಿನಲ್ಲಿ ಕಾರಿನ ದೊಡ್ಡ ದಿನ ಅಂದ್ರೆ ಲಾಂಚ್ ದಿನ. ಬಟ್ಟೆ ಮುಚ್ಚಿದ ಕಾರು, ಹೊಗೆ, ಡಿಜೆ, ಮುಖ್ಯ ಅತಿಥಿ, ಶಾಲು ಹಾರ, ಫೋಟೋ. ಆ ಸಂಜೆಯೇ ಲಿಂಕ್ಡ್‌ಇನ್‌ನಲ್ಲಿ "ಥ್ರಿಲ್ಡ್ ಟು ಅನೌನ್ಸ್". ಟಾಪ್ ಸ್ಪೀಡ್ ಎಷ್ಟು, ಝೀರೋ ಟು ಸಿಕ್ಸ್ಟಿ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಎಷ್ಟು ಕಿಲೋಮೀಟರ್ ಓಡಿದೆ ಅಂತ ಯಾರೂ ಕೇಳಲ್ಲ. ಎಷ್ಟೋ ಸಲ ಉತ್ತರ ಸೊನ್ನೆ, ಯಾಕಂದ್ರೆ ಪೇಂಟ್ ಒಣಗಿದ್ದೇ ಹಿಂದಿನ ರಾತ್ರಿ. ಟೆಸ್ಟಿಂಗ್‌ಗೆ ಉಳಿಯೋದು ಇವೆಂಟಿನ ಮುಂಚಿನ ಕೆಲವು ದಿನ, ಅದರಲ್ಲೂ ಇಂಟರ್ನಲ್ಸ್ ಬಂದು ಕೂರುತ್ತೆ. ಆಮೇಲೆ ಇವೆಂಟಿನಲ್ಲಿ ಚೈನ್ ಕಳಚೋದು, ಕೂಲೆಂಟ್ ಸೋರೋದು, ಹತ್ತು ರೂಪಾಯಿಯ ಕನೆಕ್ಟರ್ ಅಲುಗಾಡಿ ಎಂಜಿನ್ ಆಫ್ ಆಗೋದು. ಎಂಡ್ಯೂರೆನ್ಸ್ ಮುಗಿಸದೆ ಟ್ರ್ಯಾಕ್ ಪಕ್ಕದಲ್ಲಿ ನಿಲ್ಲೋ ಕಾರುಗಳು ಇಂಥ ಇವೆಂಟುಗಳಲ್ಲಿ ಸಾಮಾನ್ಯ ದೃಶ್ಯ.

ಇದನ್ನ ಬರೀ ಟೀಮ್‌ನ ಹುಡುಗರ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಅವರು ನಿದ್ದೆಗೆಟ್ಟು ದುಡೀತಾರೆ. ಆದ್ರೆ ವ್ಯವಸ್ಥೆ ಬಹುಮಾನ ಕೊಡೋದು ತೋರಿಸೋದಕ್ಕೆ, ಬಾಳಿಸೋದಕ್ಕಲ್ಲ. ಪ್ರಾಜೆಕ್ಟ್ ರಿಪೋರ್ಟಿಗೆ ಗೋಲ್ಡನ್ ಎಂಬಾಸಿಂಗ್ ಬೈಂಡಿಂಗ್ ಕಡ್ಡಾಯ, ಟೆಸ್ಟ್ ಲಾಗ್ ಯಾರೂ ಕೇಳಲ್ಲ. ವರ್ಕ್‌ಶಾಪ್ ಬಾಗಿಲು ಸಂಜೆ ನಾಲ್ಕೂವರೆಗೆ ಮುಚ್ಚುತ್ತೆ, ನಮ್ಮ ಕ್ಲಾಸ್ ಮುಗಿಯೋದೂ ಆಗಲೇ. ಐಸಿ ಎಂಜಿನ್ ಲ್ಯಾಬಿನಲ್ಲಿರೋ ಎಂಜಿನ್ನಿಗೆ ಅಡ್ಡ ಕೊಯ್ದು ಬಣ್ಣ ಬಳಿದು ಗಾಜಿನೊಳಗೆ ಇಟ್ಟಿದ್ದಾರೆ. ಅದನ್ನ ನೋಡಬಹುದು, ಮುಟ್ಟೋ ಹಾಗಿಲ್ಲ. ನಾಳೆ ನಾವು ಕೆಲಸಕ್ಕೆ ಹೋದಾಗ ಕಟ್ಟೋದು ಲಿಫ್ಟು, ಇನ್ಸುಲಿನ್ ಪಂಪು, ಮೆಟ್ರೋ ಬಾಗಿಲು, ಸ್ಕೂಟರಿನ ಬ್ಯಾಟರಿ. ಅವೆಲ್ಲಾ ಲಾಂಚ್ ದಿನ ಹೊಳೆದರೆ ಸಾಲದು, ಒಂದು ಲಕ್ಷದನೇ ಸಲ ಬಟನ್ ಒತ್ತಿದಾಗಲೂ ಕೆಲಸ ಮಾಡಬೇಕು.

ಆದ್ದರಿಂದ ನಮ್ಮದು ಮೂರು ಬೇಡಿಕೆ. ದೊಡ್ಡ ಖರ್ಚಿನದ್ದು ಯಾವುದೂ ಅಲ್ಲ.

ಒಂದು, ಕಾರು ಕನಿಷ್ಠ ಎರಡು ಎಂಡ್ಯೂರೆನ್ಸ್ ದೂರ, ಅಂದ್ರೆ 44 ಕಿಲೋಮೀಟರ್ ಓಡಿದ ಮೇಲೇ ಲಾಂಚ್ ಫಂಕ್ಷನ್. ಸ್ವಲ್ಪ ಗೀರು ಬಿದ್ದಿರುತ್ತೆ, ಟೈರು ಸವೆದಿರುತ್ತೆ. ಇರಲಿ. ಮುಖ್ಯ ಅತಿಥಿಗೆ ಕೊಳೆಯಾದ ಕಾರನ್ನೇ ತೋರಿಸೋಣ.

ಎರಡು, ಏನು ಒಡೀತು, ಯಾವಾಗ, ಯಾಕೆ ಅಂತ ಬರೆದಿಡೋ ಒಂದು ಪುಸ್ತಕ. ಪ್ರತಿ ಬ್ಯಾಚೂ ಮುಂದಿನ ಬ್ಯಾಚಿಗೆ ಕೊಟ್ಟು ಹೋಗಲಿ. ಈಗ ಸೀನಿಯರ್‌ಗಳ ಜೊತೆ ಎಲ್ಲಾ ಗ್ರ್ಯಾಜುಯೇಟ್ ಆಗಿ ಹೋಗ್ತಿದೆ, ನಾವು ಪ್ರತಿ ವರ್ಷ ಮೊದಲಿಂದ ಶುರು ಮಾಡ್ತೀವಿ. ಆ ಪುಸ್ತಕಕ್ಕೆ ಪ್ರಾಜೆಕ್ಟಿನಲ್ಲಿ ಮಾರ್ಕ್ಸ್ ಕೊಟ್ಟರೆ ಎಲ್ಲರೂ ಬರೀತಾರೆ. ಕನ್ನಡದಲ್ಲಿ ಬರೆದ್ರೂ ನಡೀಬೇಕು. ಬೋಲ್ಟ್ "ಸಡಿಲ ಆಗಿತ್ತು" ಅನ್ನೋಕೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಕನ್ನಡವೇ ಬೇಗ ಬಾಯಿಗೆ ಬರುತ್ತೆ, ವರ್ಕ್‌ಶಾಪಿನ ಅಣ್ಣಂದಿರ ಜೊತೆ ಮಾತಾಡೋದೂ ಅದರಲ್ಲೇ.

ಮೂರು, ವಾರಕ್ಕೆ ಒಂದು ಸಂಜೆಯಾದ್ರೂ ವರ್ಕ್‌ಶಾಪ್ ಏಳು ಗಂಟೆ ತನಕ ತೆರೆದಿರಲಿ. ಗುಜರಿಯಿಂದ ಒಂದು ಹಳೇ ಎಂಜಿನ್ ತಂದು ಹಾಕಲಿ, ಯೆಜ್ಡಿಯದ್ದೋ ಎಂ80ಯದ್ದೋ ಯಾವುದಾದ್ರೂ ಸರಿ. ನಾವು ಬಿಚ್ಚಿ ಜೋಡಿಸ್ತೀವಿ. ಜೋಡಿಸಿದಮೇಲೆ ಎರಡು ನಟ್ಟು ಮಿಕ್ಕಿದ್ರೆ ಅದೂ ಒಂದು ಪಾಠ. ಬ್ರ್ಯಾಂಚ್ ಯಾವುದೇ ಇರಲಿ, ಬರೋರಿಗೆ ಬಾಗಿಲು ತೆರೆದಿರಬೇಕು ಅಷ್ಟೇ.

ಇದರಲ್ಲಿ ಯಾವುದಕ್ಕೂ ಯೂನಿವರ್ಸಿಟಿ ಪರ್ಮಿಷನ್ ಬೇಕಿಲ್ಲ, ಸಿಲಬಸ್ ಬದಲಾಗಬೇಕಿಲ್ಲ. ಒಂದು ಬೀಗದ ಕೈ, ಒಂದು ನೋಟ್‌ಬುಕ್ಕು, ಲಾಂಚ್ ತಾರೀಖು ಕೆಲವು ವಾರ ಮುಂದಕ್ಕೆ ಹಾಕೋ ಧೈರ್ಯ, ಇಷ್ಟಿದ್ರೆ ಸಾಕು. ನಮ್ಮ ಬೇಡಿಕೆ ಒಪ್ಪದವರು ಇದೇ ಪತ್ರಿಕೆಗೆ ಉತ್ತರ ಬರೀಲಿ, ಜಗಳ ಆಡೋಣ. ಒಪ್ಪುವವರು ಮುಂದಿನ ಕಾರಿನ ಮೇಲಿನ ಬಟ್ಟೆ ಎಳೆಯೋವಾಗ ಮುಂದಿನ ಸಾಲಿನಲ್ಲಿ ನಿಂತು, ಚಪ್ಪಾಳೆ ತಟ್ಟೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: "ಎಷ್ಟು ಕಿಲೋಮೀಟರ್ ಓಡಿದೆ ಮಚ್ಚಾ?"